ಬೆಂಕಿ ಆರಿದ ನಾಡಿನ ಹಾವು

ಬಂದರ್

ಸರಕಾರದ ಕಾಗದಪತ್ರಗಳಲ್ಲಿ ನನ್ನ ಪ್ರಯಾಣದ ಕಾರಣ ಶಿಕ್ಷಕಿಯರ ತರಬೇತಿ ಎಂದಿತ್ತು. ಅದು ಸುಳ್ಳಲ್ಲ. ಲಂಡನ್ನಿನಲ್ಲಿ ಬೇಸಗೆಯ ಕೆಲವು ತಿಂಗಳು ನಡೆಯುವ ತರಬೇತಿಗೆ ನಮ್ಮ ಮಿಶನ್ ಶಾಲೆಯವರು ನನ್ನ ಹೆಸರು ಕಳುಹಿಸಿದ್ದರು. ಆದರೆ ನನ್ನ ಮನಸ್ಸಿನಲ್ಲಿದ್ದ ಕೆಲಸ ಬೇರೆಯೇ. ಒಂದು ಹಾವಿನ ಜೀವ ಉಳಿಸುವ ವಿಷಯ ಮಾತಾಡಲು ನಾನು ಇಂಗ್ಲೆಂಡಿಗೆ ಹೊರಟಿದ್ದೆ.

ಹಾವು ಕಥೆಯದ್ದು. ಕಥೆ ಬರೆದವರು ಮಿಸ್ ಆಲ್ಡನ್. ಮಂಗಳೂರಿನಲ್ಲಿ ಬಹಳ ವರ್ಷ ಹೆಣ್ಣುಮಕ್ಕಳಿಗೆ ಕಲಿಸಿ, ಆರೋಗ್ಯ ಕೆಟ್ಟು ತಮ್ಮ ದೇಶಕ್ಕೆ ಹಿಂದಿರುಗಿದವರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ನಾನು ತಾಯಿಮನೆಯ ಮೂಲೆಯಲ್ಲಿ ಕುಳಿತಿದ್ದಾಗ ಮನೆಗೆ ಬಂದು, ನಮ್ಮ ಸೋದರಮಾವನ ಎದುರು ಕುರ್ಚಿ ಎಳೆದು ಕುಳಿತು, "ಈ ಹುಡುಗಿಯನ್ನು ನನಗೆ ಕೊಡಿರಿ, ನಾನು ಇವಳನ್ನು ಟೀಚರ್ ಮಾಡುತ್ತೇನೆ" ಎಂದವರು ಅವರೇ. ಅಂಥವರ ಮಾತಿಗೆ ಎದುರಾಡಲು ನಾನು ಸಮುದ್ರ ದಾಟಬೇಕಾಗಿತ್ತು.

ಅವರ ಕಥೆ ಹೀಗಿದೆ. ಒಂದು ನಾಡಿನಲ್ಲಿ ಒಲೆ, ದೀಪ ಎಲ್ಲ ಆರಿಹೋಗುತ್ತವೆ. ಉಳಿದ ಒಂದೇ ಬೆಂಕಿಯನ್ನು ಬೆಟ್ಟದ ಗವಿಯಲ್ಲಿ ಒಂದು ದೊಡ್ಡ ಹಾವು ಸುತ್ತಿಕೊಂಡು ಮಲಗಿದೆ. ಕೆಂಡ ಕದಿಯಲು ಹೋದ ಹುಡುಗಿಯೊಬ್ಬಳು ಸಿಕ್ಕಿಬೀಳುತ್ತಾಳೆ. ಅವಳನ್ನು ಬಿಡಿಸಲು ರಾಜನ ಒಬ್ಬನೇ ಮಗ ತಾನಾಗಿ ಹಾವಿನ ಬಾಯೊಳಗೆ ಹೋಗುತ್ತಾನೆ. ಮೂರನೆಯ ದಿನ ಬೆಳಗ್ಗೆ ಕೈಯಲ್ಲಿ ಬೆಂಕಿ ಹಿಡಿದು ಹೊರಗೆ ಬರುತ್ತಾನೆ. ಹಿಮ್ಮಡಿಯಿಂದ ಹಾವಿನ ತಲೆ ಜಜ್ಜುತ್ತಾನೆ. ಪುಸ್ತಕದಲ್ಲಿ ಯೇಸುವಿನ ಹೆಸರಿಲ್ಲ, ಶಿಲುಬೆಯಿಲ್ಲ. ಆದರೆ ಮಿಶನ್ ಶಾಲೆಯ ಬೆಂಚಿನಲ್ಲಿ ಕುಳಿತು ಎದ್ದವರಿಗೆ ಆ ಮಗ ಯೇಸು, ಆ ಹಾವು ಸೈತಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದನ್ನು ಕನ್ನಡಕ್ಕೆ ತರಲು ಮಿಶನ್ ಮುದ್ರಣಾಲಯದವರು ನನಗೆ ಹೇಳಿದ್ದರು. ಬರೆದಷ್ಟನ್ನು ತರಗತಿಯಲ್ಲಿ ಓದಿದೆ. ಹಾವಿನ ತಲೆ ಜಜ್ಜುವಲ್ಲಿಗೆ ಬಂದಾಗ ಎದುರು ಸಾಲಿನ ಹುಡುಗಿ ಎದ್ದು ನಿಂತಳು.

"ಟೀಚರ್, ಅದು ಕೇರೆಹಾವಾ, ನಾಗರಹಾವಾ?"

"ಯಾವುದಾದರೆ ಎಂತ?"

"ನಾಗರ ಆದ್ರೆ ದೋಷ ಅಲ್ವಾ? ಆಮೇಲೆ ಪ್ರಾಯಶ್ಚಿತ್ತ ಎಂತ ಮಾಡಿದ ಅವನು?"

ಇನ್ನೊಬ್ಬಳಿಗೆ ಬೇರೆ ಸಂಶಯ. "ಪಟ್ಟ ಅಳಿಯನಿಗೆ ಅಲ್ವಾ ಟೀಚರ್ ಸಿಗುವುದು? ರಾಜ ಮಗನನ್ನು ಎಂತಕ್ಕೆ ಕಳಿಸಿದ? ಅವನಿಗೆ ತಂಗಿಯ ಮಕ್ಕಳಿಲ್ವಾ?"

ನಾನು ನಗಲಿಲ್ಲ. ನಮ್ಮ ಮನೆಯ ಗದ್ದೆಯಂಚಿನಲ್ಲೂ ನಾಗಬನ ಉಂಟು. ನಮ್ಮ ಮನೆಯ ಆಸ್ತಿಯೂ ಅಳಿಯಸಂತಾನದ್ದೇ, ಮಾವನಿಂದ ತಂಗಿಯ ಮಕ್ಕಳಿಗೆ ಹೋಗುವಂಥದ್ದು. ಅಂದು ಮನೆಗೆ ಹೋಗಿ ಕೊನೆಯ ಅಧ್ಯಾಯವನ್ನು ಬೇರೆ ಬರೆದೆ. ನನ್ನ ಹಾವು ಸಾಯಲಿಲ್ಲ. ಸುತ್ತು ಬಿಚ್ಚಿ, ಪೊರೆ ಕಳಚಿಟ್ಟು, ಹುತ್ತಕ್ಕೆ ಹೋಯಿತು. ಬೆಂಕಿ ತಂದವನು ರಾಜನ ಅಳಿಯ, ತಂಗಿಯ ಮಗ. ಮುದ್ರಣಾಲಯದವರು ಓದಿ ಹುಬ್ಬು ಗಂಟಿಕ್ಕಿದರು. ಬರೆದವರ ಒಪ್ಪಿಗೆಯಿಲ್ಲದೆ ಅಚ್ಚು ಹಾಕುವುದಿಲ್ಲ ಎಂದರು. ಮಿಸ್ ಆಲ್ಡನ್ನರ ಉತ್ತರ ಒಂದೇ ಸಾಲಿನದು: ಹಾವು ಸಾಯಲೇಬೇಕು.

ಬಂದರಿನಲ್ಲಿ ದೋಣಿ ಹತ್ತುವಾಗ ಮಾವ ನನ್ನ ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದರು. ಅಮ್ಮನ ಅಣ್ಣ, ಮನೆಯ ಯಜಮಾನರು.

"ಅಲ್ಲ ಮಾರಾಯ್ತಿ, ಕಥೆಯ ಹಾವಿಗೆ ಅಷ್ಟು ದೂರ ಹೋಗ್ಬೇಕಾ? ಇಲ್ಲಿ ಬನದಲ್ಲಿ ನಿಜದ್ದೇ ಉಂಟಲ್ಲ, ಅದಕ್ಕೆ ಕೈ ಮುಗಿದ್ರೆ ಸಾಕು."

"ತರಬೇತಿಗೆ ಹೋಗುವುದು ಮಾವ."

"ನನ್ನ ಹತ್ರ ಹೇಳ್ಬೇಡ. ಆ ದೊರೆಸಾನಿ ನಮ್ಮ ಮನೆಗೆ ಬಂದ ದಿನವೇ ನನಗೆ ಗೊತ್ತಿತ್ತು, ನೀನು ಅವಳ ಹಾಗೆಯೇ ಹಟಮಾರಿ ಆಗ್ತಿ ಅಂತ."

ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿ ಎದ್ದೆದ್ದು ಬಿತ್ತು. ಮೀನುಗಾರರ ಊರಾದ ಬೆಂಗ್ರೆಯ ಮರಳಿನ ಮೇಲೆ ಬಲೆ ಹರಡಿ ಕುಳಿತಿದ್ದವರು ನಮ್ಮತ್ತ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ತಲೆ ತಗ್ಗಿಸಿದರು. ಹೊರಗೆ ಬೊಂಬಾಯಿಯ ಸ್ಟೀಮರು ಹೊಗೆಬಿಡುತ್ತ ಕಾಯುತ್ತಿತ್ತು.

ಹಡಗಿನಲ್ಲಿ

ಬೊಂಬಾಯಿಯಿಂದ ಮುಂದಿನ ದೊಡ್ಡ ಹಡಗಿನಲ್ಲಿ ನನ್ನ ಕೋಣೆಯ ಜೊತೆಗಾರ್ತಿ ಒಬ್ಬ ಪಾರ್ಸಿ ಮುದುಕಿ. ಲಂಡನ್ನಿನ ಮಗಳ ಮನೆಗೆ ಹೊರಟವರು. ಏಡನ್ ದಾಟುವವರೆಗೆ ನಾವಿಬ್ಬರೂ ವಾಂತಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಕೆಂಪು ಸಮುದ್ರದಲ್ಲಿ ನೀರು ಹೊಂಡದ ಹಾಗೆ ಅಲುಗದೆ ನಿಂತಾಗ ನಮಗೆ ಮಾತು ಬಂತು. ನಾನು ಹರಕು ಹಿಂದೂಸ್ಥಾನಿ ಮತ್ತು ಇಂಗ್ಲಿಷ್ ಬೆರೆಸಿ ಕಥೆ ಹೇಳತೊಡಗಿದೆ. ಹಾವಿನ ತನಕ ಹೋಗುವ ಮೊದಲೇ ಅವರು ಕೈಯೆತ್ತಿ ತಡೆದರು.

"ಎಲ್ಲ ಬೆಂಕಿಯೂ ಆರಿತೇ? ಒಂದೂ ಉಳಿಯಲಿಲ್ಲವೇ?"

"ಕಥೆ ಅಮ್ಮ, ಬರೀ ಕಥೆ."

"ಕಥೆಯಲ್ಲೂ ಹಾಗೆ ಹೇಳಬಾರದು."

ಅವರು ತಲೆಗೆ ಸೆರಗು ಎಳೆದುಕೊಂಡು ತುಟಿಯಲ್ಲೇ ಏನೋ ಪ್ರಾರ್ಥಿಸಿದರು. ಅವರ ಗುಡಿಯಾದ ಅಗ್ಯಾರಿಯ ಬೆಂಕಿಯನ್ನು ತಲೆಮಾರುಗಳಿಂದ ಆರದಂತೆ ಕಾಯ್ದುಕೊಂಡು ಬಂದಿದ್ದಾರಂತೆ. ನನಗೆ ಬೆರಗಾಯಿತು. ನಮ್ಮ ಹುಡುಗಿಯರಿಗೆ ಹಾವು ಸತ್ತದ್ದನ್ನು ಸಹಿಸಲಾಗಲಿಲ್ಲ, ಬೆಂಕಿ ಆರಿದ್ದು ಏನೂ ಅನಿಸಿರಲಿಲ್ಲ. ಈಕೆಗೆ ಹಾವಿನ ಗೊಡವೆಯೇ ಇಲ್ಲ. ಒಬ್ಬರ ದೇವರ ಕಥೆಯನ್ನು ವೇಷ ಬದಲಿಸಿ ಇನ್ನೊಬ್ಬರ ಅಂಗಳದಲ್ಲಿ ನಿಲ್ಲಿಸಿದರೆ, ಅದು ಯಾರ ಕಾಲು ತುಳಿಯುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ ಎಂದು ನನಗೆ ತೋರಿದ್ದು ಅಲ್ಲಿಯೇ.

ಸೂಯೆಜ್ ಕಾಲುವೆಯಲ್ಲಿ ಹಡಗು ಮರಳುಗಾಡಿನ ನಡುವೆ ಎತ್ತಿನಗಾಡಿಯ ವೇಗದಲ್ಲಿ ಹೋಯಿತು. ದಂಡೆಯಲ್ಲಿ ಒಂಟೆಯೊಂದು ನಮ್ಮನ್ನು ಹಿಂದಿಕ್ಕಿತು. ಅದನ್ನು ಕಂಡು ಮುದುಕಿ ಮಕ್ಕಳ ಹಾಗೆ ನಕ್ಕರು. ಆದರೆ ನನ್ನ ಕಥೆಯ ಉಳಿದ ಭಾಗವನ್ನು ಮಾತ್ರ ಅವರು ಕೊನೆಯವರೆಗೂ ಕೇಳಲಿಲ್ಲ.

ಲಂಡನ್

ಊಟದ ಸಂಗತಿ ಇಲ್ಲಿ ಹೇಳಿಬಿಡುತ್ತೇನೆ. ಇಂಗ್ಲಿಷರು ಬೆಳಗ್ಗೆ ಗಂಜಿ ಉಣ್ಣುತ್ತಾರೆ. ಓಟ್ಸ್ ಎಂಬ ಧಾನ್ಯದ ಗಂಜಿ. ಅದನ್ನು ಕಂಡು ನನಗೆ ಕಣ್ಣು ತುಂಬಿ ಬಂದು, ಟ್ರಂಕಿನಿಂದ ಮಿಡಿ ಉಪ್ಪಿನಕಾಯಿಯ ಭರಣಿ ತಂದೆ. ಮೇಜಿನ ಸುತ್ತ ಕುಳಿತವರೆಲ್ಲ ಗಂಜಿಗೆ ಹಾಲು ಸುರಿದು ಸಕ್ಕರೆ ಉದುರಿಸುತ್ತಿದ್ದರು! ನಾನು ಮಿಡಿ ಕಚ್ಚಿದ ಸದ್ದಿಗೆ ಎದುರಿನ ಮುದುಕ ಚಮಚ ಕೆಳಗಿಟ್ಟ. ನಾನು ಬಾಡಿಗೆಗೆ ಇಳಿದುಕೊಂಡಿದ್ದ ಮನೆಯ ಒಡತಿ ಮಿಸೆಸ್ ಗ್ರೀವ್ಸ್ ಭರಣಿಯ ಬಾಯಿಗೆ ಮೂಗು ತಂದು, "ಇದು ಔಷಧವೇ?" ಎಂದು ಮರುಕದಿಂದ ಕೇಳಿದರು. ಹೌದೆಂದೆ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಇನ್ನು ಚಳಿ. ಏಪ್ರಿಲ್ ತಿಂಗಳೆಂದರೆ ನಮ್ಮಲ್ಲಿ ಬೆವರು ಸುರಿಯುವ ಕಾಲ. ಅಲ್ಲಿ ಅದನ್ನು ವಸಂತ ಎನ್ನುತ್ತಾರೆ. ನನ್ನ ಕೈಬೆರಳುಗಳು ಪೆನ್ನು ಹಿಡಿಯಲು ಒಪ್ಪುತ್ತಿರಲಿಲ್ಲ. ಇಡೀ ಮನೆಗೆ ಬೆಂಕಿ ಇದ್ದುದು ಒಂದೇ ಕಡೆ, ಮುಂದಿನ ಕೋಣೆಯ ಗೋಡೆಯ ಗೂಡಿನಲ್ಲಿ. ಬಂದ ಮರುದಿನ ಸಂಜೆ ನಾನು ಕುರ್ಚಿಯನ್ನು ಅದರ ಬಾಯಿಗೇ ಎಳೆದು, ಶಾಲು ಹೊದ್ದು, ಸೀರೆಯ ನೆರಿಗೆ ಹರಡಿ, ಕಾಲು ಮಡಚಿ ಕುಳಿತೆ. ಹಿತವಾಗಿ ಕಣ್ಣು ಮುಚ್ಚಿತು.

ಎಚ್ಚರವಾದಾಗ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಮನೆಯ ಬಾಡಿಗೆದಾರರೆಲ್ಲ ಹೊರಗಿನ ಕೋಟು ಹಾಕಿಕೊಂಡು ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದಾರೆ! ಯಾರೂ ಒಂದು ಮಾತು ಹೇಳಿರಲಿಲ್ಲ. ಹೇಳುವುದು ಆ ದೇಶದ ಪದ್ಧತಿಯಲ್ಲ, ಕೆಮ್ಮುವುದು ಪದ್ಧತಿ.

ಮಿಸೆಸ್ ಗ್ರೀವ್ಸ್ ಬಗ್ಗಿ, ಬಹಳ ಮರ್ಯಾದೆಯಿಂದ ಹೇಳಿದರು: "ಬೆಂಕಿ ಎಲ್ಲರಿಗೂ ಸೇರಿದ್ದು, ಮೇಡಂ."

ನಾಚಿಕೆಯಿಂದ ಕುರ್ಚಿ ಹಿಂದೆ ಸರಿಸಿದೆ. ಸರಿಸುತ್ತಿರುವಾಗಲೇ ಮಿಸ್ ಆಲ್ಡನ್ನರ ಹಾವು ನೆನಪಿಗೆ ಬಂತು. ಅದು ಬೆಂಕಿಯನ್ನು ಯಾಕೆ ಸುತ್ತಿಕೊಂಡಿತೆಂದು ಪುಸ್ತಕದಲ್ಲಿ ಎಲ್ಲೂ ಹೇಳಿಲ್ಲ. ಕೆಟ್ಟದ್ದು, ಆದ್ದರಿಂದ ಸುತ್ತಿಕೊಂಡಿತು, ಅಷ್ಟೇ. ನಾನೂ ಆ ಪ್ರಶ್ನೆ ಕೇಳಿರಲಿಲ್ಲ. ನಮ್ಮೂರಿನ ಸೆಕೆಯಲ್ಲಿ ಕುಳಿತವರಿಗೆ ಅದು ಹೊಳೆಯುವುದೂ ಕಷ್ಟ.

ಮೀನುಗಾರರ ಊರು

ಈಸ್ಟರ್ ರಜೆಗೆ ತಮ್ಮಲ್ಲಿಗೆ ಬರಲು ಮಿಸ್ ಆಲ್ಡನ್ ಕರೆದಿದ್ದರು. ಅವರಿದ್ದುದು ಉತ್ತರದ ಕರಾವಳಿಯ ಒಂದು ಸಣ್ಣ ಊರಿನಲ್ಲಿ. ರೈಲಿನಲ್ಲಿ ನನ್ನ ಎದುರು ಕುಳಿತ ಹೆಂಗಸು ಹಬ್ಬದ ಸಂಭ್ರಮದ ವಿಷಯ ಹೇಳಿದಳು. ಈಸ್ಟರ್ ದಿನ ಮೊಲವೊಂದು ಬಂದು ತೋಟದಲ್ಲಿ ಮೊಟ್ಟೆ ಇಟ್ಟು ಹೋಗುತ್ತದಂತೆ, ಬಣ್ಣದ ಮೊಟ್ಟೆ, ಮಕ್ಕಳು ಹುಡುಕಬೇಕಂತೆ. ನನ್ನ ಇಂಗ್ಲಿಷ್ ಕೈಕೊಟ್ಟಿತೆಂದು ತಿಳಿದು ಮತ್ತೆ ಕೇಳಿದೆ. ಮೊಲವೇ. ಮೊಟ್ಟೆಯೇ. ಮೊಲ ಮೊಟ್ಟೆ ಇಡುವ ವಿಷಯ ಬೈಬಲಿನ ಯಾವ ಸುವಾರ್ತೆಯಲ್ಲಿದೆ ಎಂದು ನೆನಪು ಮಾಡಿಕೊಳ್ಳುತ್ತ ಕುಳಿತಿದ್ದರಿಂದ ಇಳಿಯುವ ಸ್ಟೇಶನ್ ದಾಟಿಹೋಯಿತು. ಮುಂದಿನದರಲ್ಲಿ ಇಳಿದು, ಮೀನಿನ ಪೆಟ್ಟಿಗೆಗಳ ಕುದುರೆಗಾಡಿಯಲ್ಲಿ ಕುಳಿತು ಹಿಂದಕ್ಕೆ ಬಂದೆ.

ಆದ್ದರಿಂದ ಆ ಊರನ್ನು ನಾನು ಪ್ರವೇಶಿಸಿದ್ದು ಮೀನಿನ ವಾಸನೆಯೊಂದಿಗೆ. ಅದೇ ಒಳ್ಳೆಯದಾಯಿತು. ಕಡಲದಂಡೆಯಲ್ಲಿ ಬಲೆ ಒಣಗುತ್ತಿತ್ತು, ಹೆಂಗಸರು ದಡದಡ ಮೀನು ಸೀಳುತ್ತ ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು, ಮೇಲೆ ಕಡಲಹಕ್ಕಿಗಳ ಗಲಾಟೆ. ತೆಂಗಿನಮರವಿದ್ದರೆ ಬೆಂಗ್ರೆಯೇ. ಆದರೆ ಅಲ್ಲಿನವರು ಬುಟ್ಟಿಯನ್ನು ಸೊಂಟಕ್ಕೆ ಆನಿಸಿ ಹಿಡಿಯುತ್ತಾರೆ. ತಲೆಯ ಮೇಲೆ ಹೊತ್ತರೆ ಕೈ ಎರಡೂ ಖಾಲಿ ಸಿಗುತ್ತದೆಂದು ಅವರಿಗೆ ಹೇಳಬೇಕೆನಿಸಿತು.

ಮಿಸ್ ಆಲ್ಡನ್ ಬಾಗಿಲಲ್ಲೇ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರ ಕನ್ನಡ ಮಾತ್ರ ಹಾಗೆಯೇ ಇತ್ತು, ಅರ್ಧ ಕನ್ನಡ ಬೈಬಲಾದ ಸತ್ಯವೇದದ್ದು, ಅರ್ಧ ನಮ್ಮೂರಿನದು.

"ಒಳಗೆ ಬಾ, ಕಲ್ಯಾಣಿ. ಹೊರಗೆ ಬಹು ಚಳಿ ಉಂಟು. ನೀನು ಎಂತಕ್ಕೆ ಮೀನಿನ ಹಾಗೆ ನಾರುತ್ತಿದ್ದೀ?"

ನಾನು ಮೊಲದ ಕಥೆ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹಾವಿನ ಮಾತು ಅಂದು ಇಬ್ಬರೂ ಎತ್ತಲಿಲ್ಲ.

ಮರುದಿನ ಬಂಡೆಗಳ ಮೇಲಿನ ದಾರಿಯಲ್ಲಿ ನಡೆಯಲು ಹೋದಾಗ ಅವರೇ ಎತ್ತಿದರು.

"ನೀನು ಕೇಳಲಿಕ್ಕೆ ಬಂದವಳು. ಕೇಳು."

ತರಗತಿಯಲ್ಲಿ ಹುಡುಗಿಯರು ಕೇಳಿದ್ದನ್ನು ಹೇಳಿದೆ. ಅಳಿಯನ ವಿಷಯಕ್ಕೆ ಅವರು ತಲೆಯಾಡಿಸಿದರು. "ಅದು ನನಗೆ ಗೊತ್ತುಂಟು. ತಂದೆ, ಮಗ ಎಂದು ನಾನು ಅಲ್ಲಿ ಎಷ್ಟು ವರ್ಷ ಬೋಧಿಸಿದೆ! ಹೆಂಗಸರು ತಾಳ್ಮೆಯಿಂದ ಕೇಳಿ, ಕೊನೆಗೆ, ಆ ಮಗನ ಸೋದರಮಾವ ಯಾರು ಎಂದು ಕೇಳುತ್ತಿದ್ದರು. ಅಳಿಯ ಆಗಲಿ. ಆದರೆ ಹಾವು ಸಾಯಬೇಕು, ಕಲ್ಯಾಣಿ."

"ನಮ್ಮಲ್ಲಿ ಅದಕ್ಕೆ ಹಾಲೆರೆಯುತ್ತಾರೆ, ಮಿಸ್ ಆಲ್ಡನ್. ನೀವು ನೋಡಿದ್ದೀರಿ."

"ನೋಡಿದ್ದೇನೆ. ನಾನು ಬರೆದದ್ದು ಆ ಹಾವಲ್ಲ."

ಸ್ವಲ್ಪ ದೂರ ನಡೆದೆವು. ಗಾಳಿ ನನ್ನ ಸೆರಗನ್ನು ಎಳೆದಾಡುತ್ತಿತ್ತು. ಆಮೇಲೆ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಅದನ್ನು ಹೇಳಲು ಅವರಲ್ಲಿದ್ದ ಕನ್ನಡ ಸಾಲಲಿಲ್ಲವೇನೋ. ಅವರಿಗೆ ಹ್ಯೂ ಎಂಬ ತಮ್ಮನಿದ್ದ. ಅವನ ಪಟವನ್ನು ನಾನು ಅವರ ಮನೆಯಲ್ಲಿ ನೋಡಿದ್ದೆ, ಸಿಪಾಯಿಯ ಉಡುಪಿನಲ್ಲಿ, ಎಳೆಯ ಮುಖ. ಮಹಾಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಗಾಯಗೊಂಡು ಬಿದ್ದಿದ್ದ ಒಬ್ಬನನ್ನು ಎಳೆದು ತರಲು ಹೋದವನು ಹಿಂದಿರುಗಲಿಲ್ಲ. ಬಿದ್ದವನು ಬದುಕಿದ. ಅವನು ಒಮ್ಮೆ ಮನೆಗೂ ಬಂದಿದ್ದನಂತೆ, ಟೋಪಿ ಕೈಯಲ್ಲಿ ಹಿಡಿದು, ಕುಳಿತುಕೊಳ್ಳದೆ ಹೋದನಂತೆ.

"ಮಂಗಳೂರಿನ ಸೆಕೆಯಲ್ಲಿ ಕುಳಿತು ನಾನು ಆ ಚಳಿಯ ನಾಡಿನ ಕಥೆ ಬರೆದೆ. ಒಳಗೆ ಹೋದವನು ಹೊರಗೆ ಬರಬೇಕು, ಅವನನ್ನು ನುಂಗಿದ್ದು ಅವನ ಕಾಲಡಿಯಲ್ಲಿ ಸಾಯಬೇಕು. ಇಷ್ಟು ನನಗೆ ಬೇಕಾಗಿತ್ತು. ನೀನು ಅದಕ್ಕೆ ಹಾಲು ಕೊಟ್ಟು ಹುತ್ತಕ್ಕೆ ಕಳುಹಿಸುತ್ತೀ."

ನಾನು ತಡೆದು ತಡೆದು ಮಿಸೆಸ್ ಗ್ರೀವ್ಸರ ಮನೆಯ ಸಂಗತಿ ಹೇಳಿದೆ. ಬೆಂಕಿಯ ಮುಂದೆ ನಾನು ಸುತ್ತಿಕೊಂಡು ಮಲಗಿದ್ದು, ಉಳಿದವರು ಕೋಟು ಹಾಕಿಕೊಂಡು ಕುಳಿತದ್ದು.

"ನಿಮ್ಮ ಹಾವಿಗೆ ಚಳಿಯಾಗಿತ್ತು ಎಂದು ನನಗನಿಸುತ್ತದೆ."

ಅವರು ನಿಂತರು. "ಚಳಿಯಾದವರೆಲ್ಲ ಊರಿನ ಬೆಂಕಿ ಕಿತ್ತುಕೊಳ್ಳಬೇಕೇನು?"

ಆ ಪ್ರಶ್ನೆ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಅವರು ಕೋಲೂರಿಕೊಂಡು ಮುಂದೆ ನಡೆದರು. ನಾನು ಹಿಂದೆ ಬಂದೆ. ನನ್ನನ್ನು ಮನೆಯ ಮೂಲೆಯಿಂದ ಎಬ್ಬಿಸಿದವರ ಮನಸ್ಸಿಗೆ ನೋವು ಮಾಡಿದೆನಲ್ಲ ಎಂದುಕೊಳ್ಳುತ್ತ ಮನೆ ಸೇರಿದೆ. ಕೈಬರಹವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಇನ್ನು ಆ ಮಾತು ಬೇಡವೆಂದು ತೀರ್ಮಾನಿಸಿದೆ.

ಹಬ್ಬದ ಮರುದಿನ

ಈಸ್ಟರಿನ ಮರುದಿನ ಮಧ್ಯಾಹ್ನ ಚರ್ಚಿನ ಪಕ್ಕದ ಸಭಾಗೃಹದಲ್ಲಿ ಮಕ್ಕಳಿಗೆ ಚಹಾ, ಒಣದ್ರಾಕ್ಷಿಯ ಬನ್ನು, ಮತ್ತು ಮಿಸ್ ಆಲ್ಡನ್ನರ ಕಥೆ. ಪ್ರತಿವರ್ಷವೂ ಅವರು ಅದೇ ಕಥೆ ಓದುತ್ತಾರಂತೆ. ಪಾದ್ರಿಗಳು ಮುಂದಿನ ಸಾಲಿನಲ್ಲಿದ್ದರು, ಕೆಂಪು ಮುಖದ, ಒಳ್ಳೆಯ ಮನಸ್ಸಿನವರಂತೆ ಕಾಣುವ ಮನುಷ್ಯ. ನಾನು ಹಿಂದಿನ ಬೆಂಚಿನಲ್ಲಿ ಮೀನುಗಾರರ ಹೆಂಗಸರ ನಡುವೆ ಕುಳಿತೆ. ಒಬ್ಬಳು ನನ್ನ ಸೀರೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು.

ಮಿಸ್ ಆಲ್ಡನ್ ಓದುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅಂದು ಅವರ ದನಿ ಬೇರೆಯಾಗಿತ್ತು. ಹುಡುಗಿ ಕೆಂಡ ಕದಿಯಲು ಹೋದದ್ದು, ಸಿಕ್ಕಿಬಿದ್ದದ್ದು, ರಾಜಕುಮಾರ ಕತ್ತಿ ಕೆಳಗಿಟ್ಟು ಹಾವಿನ ಬಾಯೊಳಗೆ ನಡೆದದ್ದು. ಮಕ್ಕಳು ಬನ್ನು ತಿನ್ನುವುದನ್ನು ನಿಲ್ಲಿಸಿದರು. ಮೂರನೆಯ ಬೆಳಗಾಯಿತು. ಗವಿಯ ಬಾಯಲ್ಲಿ ಬೆಳಕು ಕಂಡಿತು.

ಅಲ್ಲಿ ಅವರು ನಿಲ್ಲಿಸಿದರು. ಪುಸ್ತಕ ಮುಚ್ಚಲಿಲ್ಲ, ಪುಟವನ್ನೂ ತಿರುವಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಮುಂದಿನದು ನಿಮಗೆಲ್ಲ ಬಾಯಿಪಾಠ ಬರುತ್ತದೆ" ಎಂದರು. "ಆದರೆ ಹಿಂದಿನ ಬೆಂಚಿನಲ್ಲಿ ಕುಳಿತ ನನ್ನ ಸ್ನೇಹಿತೆಯ ಊರಿನಲ್ಲಿ ಈ ಕಥೆ ಬೇರೆ ರೀತಿ ಮುಗಿಯುತ್ತದೆ. ಇವತ್ತು ಅವಳು ಹೇಳುತ್ತಾಳೆ."

ನಾನು ಎದ್ದೆ. ನಡೆದು ಹೋಗುವಾಗ ಸೀರೆಯ ನೆರಿಗೆ ಬೆಂಚಿನ ಮೊಳೆಗೆ ಸಿಕ್ಕಿತು. ಬಿಡಿಸಲು ಇಬ್ಬರು ಹುಡುಗಿಯರು ಬಗ್ಗಿದರು. ಮಿಸ್ ಆಲ್ಡನ್ ತಮ್ಮ ಕುರ್ಚಿ ನನಗೆ ಬಿಟ್ಟುಕೊಟ್ಟು, ಹೋಗಿ ಮಕ್ಕಳ ಸಾಲಿನಲ್ಲಿ ನೆಲದ ಮೇಲೆಯೇ ಕುಳಿತರು. ಆ ವಯಸ್ಸಿನಲ್ಲಿ ಅವರು ನೆಲಕ್ಕೆ ಕುಳಿತದ್ದನ್ನು ಹಿಂದಿನ ಬೆಂಚಿನ ಹೆಂಗಸರು ಕತ್ತೆತ್ತಿ ನೋಡಿದರು.

ಹೇಳಿದೆ. ನನ್ನ ಇಂಗ್ಲಿಷಿನಲ್ಲಿ, ತಪ್ಪಿದಲ್ಲಿ ಕೈಯಾಡಿಸಿ ಹೇಳಿದೆ. ಒಳಗೆ ಹೋದವನಿಗೆ ಹಾವಿನ ಮೈ ಮಂಜುಗಡ್ಡೆಯ ಹಾಗಿದ್ದದ್ದು ಗೊತ್ತಾಯಿತು ಎಂದೆ. ಅದು ಅಲ್ಲಿಯವರೆಗೆ ನನ್ನ ಕೈಬರಹದಲ್ಲೂ ಇರಲಿಲ್ಲ. ಬೆಂಕಿಯನ್ನು ಹೊರಗೆ ತಂದವನು ತಲೆ ಜಜ್ಜಬಹುದಿತ್ತು. ಹಿಮ್ಮಡಿ ಎತ್ತಿದ. ಹಾಗೆಯೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಕಾಲನ್ನು ಪಕ್ಕದಲ್ಲಿಟ್ಟ. ಹಾವು ಪೊರೆ ಬಿಟ್ಟು ಹುತ್ತಕ್ಕೆ ಹರಿದುಹೋಯಿತು. ಊರಿನವರು ಒಲೆ ಹೊತ್ತಿಸಿದ ಮೇಲೆ ಮೊದಲು ಕಾಯಿಸಿದ ಹಾಲಿನಲ್ಲಿ ಒಂದು ಪಾಲನ್ನು ಹುತ್ತದ ಬಳಿ ಇಟ್ಟು ಬಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹುಡುಗ ಜೋರಾಗಿ, "ಅದು ಮತ್ತೆ ಬಂದರೆ?" ಎಂದ. ಹುಡುಗಿಯೊಬ್ಬಳು, ಹಾವು ಹಾಲು ಕುಡಿಯುವುದಿಲ್ಲ ಎಂದಳು. ಪಾದ್ರಿಗಳು ಎದ್ದು ನಿಂತರು. ಮುಖ ಇನ್ನಷ್ಟು ಕೆಂಪಾಗಿತ್ತು.

"ಅತಿಥಿಗೆ ವಂದನೆಗಳು. ಆದರೆ ಮಕ್ಕಳು ತಪ್ಪು ತಿಳಿಯಬಾರದು. ಸರ್ಪದ ತಲೆ ಜಜ್ಜಲ್ಪಡುತ್ತದೆಂದು ಬೈಬಲಿನ ಆದಿಕಾಂಡದಲ್ಲಿ ಸ್ಪಷ್ಟವಾಗಿದೆ, ಮಿಸ್ ಆಲ್ಡನ್."

ಮಿಸ್ ಆಲ್ಡನ್ ನೆಲದಿಂದಲೇ ತಲೆಯೆತ್ತಿದರು. "ನಿನ್ನೆ ನಿಮ್ಮ ತೋಟದಲ್ಲಿ ಮೊಲ ಮೊಟ್ಟೆ ಇಟ್ಟಿತಲ್ಲ, ಅದು ಆದಿಕಾಂಡದ ಎಷ್ಟನೆಯ ಅಧ್ಯಾಯ?"

ಮೀನುಗಾರರ ಹೆಂಗಸರು ಮೊದಲು ನಕ್ಕರು, ಆಮೇಲೆ ಮಕ್ಕಳು, ಕೊನೆಗೆ ವಿಧಿಯಿಲ್ಲದೆ ಪಾದ್ರಿಗಳೂ ನಕ್ಕರು. ಚಹಾ ಮತ್ತೆ ಬಂತು.

ಸ್ಟೇಶನ್ನಿನಲ್ಲಿ ನನ್ನನ್ನು ಬೀಳ್ಕೊಡುವಾಗ ಅವರು ಕನ್ನಡಕ್ಕೆ ಹಿಂದಿರುಗಿದ್ದರು.

"ನಿನ್ನ ಮುಕ್ತಾಯ ನನಗೆ ಸೇರಲಿಲ್ಲ. ಆದರೆ ಕೊನೆಯ ತನಕ ಕೇಳಿದೆ."

"ನೀವು ಒಪ್ಪದಿದ್ದರೆ ನಾನು ಅಚ್ಚು ಹಾಕಿಸುವುದಿಲ್ಲ."

"ನನ್ನ ಪುಸ್ತಕವೆಂದು ಹಾಕಿಸಬೇಡ. ಅದರಲ್ಲಿ ಹ್ಯೂ ಇದ್ದಾನೆ, ಅವನ ಕಾಲು ಪಕ್ಕಕ್ಕೆ ಸರಿಸಲು ನನ್ನಿಂದ ಆಗುವುದಿಲ್ಲ. ನಿನ್ನ ಪುಸ್ತಕವೆಂದು ಬರೆ. ಬೆಂಕಿ ಆರಿದ ನಾಡನ್ನು ನಾನೇನು ಹುಟ್ಟಿಸಿದೆನೇ? ನಾನೂ ಅದನ್ನು ಸುವಾರ್ತೆಯಿಂದ ಎತ್ತಿ, ನನ್ನ ದುಃಖಕ್ಕೆ ಸರಿಯಾಗಿ ಹೊಲಿದುಕೊಂಡೆ. ನೀನು ನಿನ್ನ ಅಳತೆಗೆ ಹೊಲಿ."

ರೈಲು ಹೊರಟಾಗ ಅವರು ಕೈಬೀಸಲಿಲ್ಲ. ಕೋಲಿನ ಮೇಲೆ ಎರಡೂ ಕೈಯಿಟ್ಟು ನೋಡುತ್ತ ನಿಂತಿದ್ದರು.

ನೇಪಲ್ಸ್‌ನಿಂದ ಮುಂದೆ

ತರಬೇತಿಯ ತಿಂಗಳುಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಿಂದಿರುಗಲು ಇಟಲಿಯ ಹಡಗು ಸಿಕ್ಕಿತು. ನೇಪಲ್ಸಿನಲ್ಲಿ ಹಡಗು ಹತ್ತಿದವರಲ್ಲಿ ಕಪ್ಪು ಅಂಚಿನ ಬಿಳಿ ಸೀರೆಯುಟ್ಟ ಒಬ್ಬ ಹೆಂಗಸಿದ್ದರು. ನನ್ನನ್ನು ನೋಡಿದವರೇ ನೆಟ್ಟಗೆ ಹತ್ತಿರ ಬಂದರು.

"ನೀವು ಮಂಗಳೂರಾ?"

"ಹೌದು, ಕದ್ರಿಯ ಹತ್ತಿರ."

"ದೇವರೇ! ನೀವು ನಿಂತ ರೀತಿ ನೋಡಿಯೇ ನಮ್ಮ ಊರಿನವರು ಅಂತ ಗೊತ್ತಾಯ್ತು."

ಅವರು ಫ್ಲೋರಿನ್ ಬಾಯಿ. ಬಂದರಿನಲ್ಲಿ ಅವರ ಮನೆಯವರಿಗೆ ಕಾಫಿ, ಮೆಣಸಿನ ವ್ಯಾಪಾರ. ಜೊತೆಗೆ ಬಂದಿದ್ದ ತಮ್ಮ, ಹಡಗು ಅಲುಗುವ ಮೊದಲೇ ಹಾಸಿಗೆ ಹಿಡಿದಿದ್ದ. ಅವರ ಒಬ್ಬನೇ ಮಗ ರೋಮಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ. ಅವನನ್ನು ನೋಡಿ ಬರುತ್ತಿದ್ದರು.

"ಚೆನ್ನಾಗಿದ್ದಾನಾ?"

"ಚೆನ್ನಾಗಿದ್ದಾನೆ. ದಪ್ಪ ಆಗಿದ್ದಾನೆ. ಆದ್ರೆ ಪಾದ್ರಿ ಆದ್ಮೇಲೆ ಊರಿಗೆ ಬರುವುದಿಲ್ಲ ಅಂತೆ. ಆಫ್ರಿಕಾಕ್ಕೆ ಕಳಿಸ್ತಾರಂತೆ. ಸಂತೋಷದಲ್ಲಿ ಹೇಳಿದ, ಟೀಚರೇ. ನಾನೂ ಸಂತೋಷ ಅಂತಲೇ ಹೇಳಿದೆ."

ಅವರು ಜಪಸರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಮಾತು ಬದಲಿಸಲು ನಾನು ನನ್ನ ಕಥೆ ತೆಗೆದೆ. ಅಷ್ಟರಲ್ಲಿ ಅದು ಹೊಸತಾಗಿ ಬರೆದು ಮುಗಿದಿತ್ತು. ಡೆಕ್ಕಿನ ಕುರ್ಚಿಯಲ್ಲಿ ಕುಳಿತು ಪೂರ್ತಿ ಓದಿ ಹೇಳಿದೆ. ಅವರ ಧರ್ಮದ ಕಥೆಯನ್ನು ಎಲ್ಲಿಂದ ಎಲ್ಲಿಗೆ ತಂದಿದ್ದೇನೆಂದು ಅವರಿಗೆ ತಕ್ಷಣ ಗೊತ್ತಾಯಿತು. ಹಾವು ಹುತ್ತಕ್ಕೆ ಹೋದದ್ದಕ್ಕೆ ಸಿಟ್ಟಾದಾರು ಎಂದುಕೊಂಡಿದ್ದೆ. ಅವರು ಆ ವಿಷಯವನ್ನೇ ಎತ್ತಲಿಲ್ಲ.

"ಅವನ ಅಮ್ಮ ಎಲ್ಲಿ?" ಎಂದರು.

"ಯಾರ ಅಮ್ಮ?"

"ಹಾವಿನ ಬಾಯಿಗೆ ಹೋದವನದ್ದು. ರಾಜನ ತಂಗಿ ಅಂತ ಒಂದು ಸಲ ಹೇಳಿ ಬಿಟ್ರಿ. ಆ ಮೂರು ದಿನ ಅವಳು ಎಲ್ಲಿ ಇದ್ಳು?"

ಕೈಬರಹದ ಹಾಳೆಗಳನ್ನು ನಾನು ಹಿಂದಕ್ಕೆ ತಿರುವಿ ಹುಡುಕಿದೆ. ತಾಯಿಯ ಕಡೆಯಿಂದಲೇ ಮನೆತನ ನಡೆಯುವ ನಾಡಿನವಳು ನಾನು. ಮಗನನ್ನು ಅಳಿಯನನ್ನಾಗಿ ಮಾಡಲು ಅಷ್ಟು ಶ್ರಮಪಟ್ಟಿದ್ದೆ. ಮಿಸ್ ಆಲ್ಡನ್ನರ ಪುಸ್ತಕದಲ್ಲಿ ರಾಣಿಯೇ ಇಲ್ಲ. ನಾನು ರಾಜನಿಗೆ ತಂಗಿಯೊಬ್ಬಳನ್ನು ಕೊಟ್ಟೆ, ಮತ್ತೆ ಅವಳ ಕಡೆಗೆ ತಿರುಗಿ ನೋಡಿರಲಿಲ್ಲ.

"ನನಗೆ ಗೊತ್ತಿಲ್ಲ" ಎಂದೆ. "ನೀವು ಹೇಳಿ. ಅವಳು ಎಂತ ಮಾಡ್ತಾ ಇದ್ಳು?"

ಫ್ಲೋರಿನ್ ಬಾಯಿ ಸಮುದ್ರದ ಕಡೆ ನೋಡಿದರು. ಹಡಗಿನ ಹಿಂದೆ ನೊರೆ ಉದ್ದಕ್ಕೆ ಬಿದ್ದಿತ್ತು.

"ಅಳ್ತಾ ಕೂತಿರ್ಲಿಲ್ಲ" ಎಂದರು ಕೊನೆಗೆ. "ಅತ್ತರೆ ಊರಿನವರೆಲ್ಲ ಬಂದು ಸಮಾಧಾನ ಹೇಳ್ತಾರೆ, ಅದು ಬೇಡ ಅವಳಿಗೆ. ಬೆಳಗ್ಗೆ ಎದ್ದು ಒಲೆಯ ಹಳೇ ಬೂದಿ ತೆಗೆದ್ಳು. ಒಲೆ ಸಾರಿಸಿದ್ಳು. ಒಣ ಕಟ್ಟಿಗೆ ಇಟ್ಳು. ಮರುದಿನ ಕಟ್ಟಿಗೆ ತೆಗೆದು, ಮತ್ತೆ ಸಾರಿಸಿ, ಮತ್ತೆ ಇಟ್ಳು. ಬೆಂಕಿ ತರ್ಲಿಕ್ಕೆ ಹೋದವನು ಬಂದ್ರೆ ಮೊದಲು ಅವಳ ಮನೆಗೇ ಬರ್ತಾನೆ ಅಂತ ಅಲ್ವಾ?"

"ಬಂದನಾ?"

"ಅದು ನೀವು ಬರೆಯಬೇಕು. ಅವನು ಊರಿಗೆಲ್ಲ ಬೆಂಕಿ ಹಂಚಬೇಕಲ್ಲ. ದೊಡ್ಡ ಕೆಲಸ ಉಂಟು ಅವನಿಗೆ."

ಏಡನ್ ಬರುವವರೆಗೆ ನಾನು ಆ ಅಧ್ಯಾಯವನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದೆ.

ಮಂಗಳೂರು

ಮಿಶನ್ ಮುದ್ರಣಾಲಯದವರು ನನ್ನ ಪುಸ್ತಕವನ್ನು ಮರ್ಯಾದೆಯಿಂದಲೇ 'ಬೇಡ' ಎಂದರು. ಅದು ಇನ್ನು ಮಿಸ್ ಆಲ್ಡನ್ನರದ್ದಲ್ಲ, ಸುವಾರ್ತೆಯೂ ಅಲ್ಲ. ಅವರು ಹೇಳಿದ್ದು ಸರಿಯೇ. ಬಂದರಿನ ದಾರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಛಾಪಖಾನೆಯೊಂದರಲ್ಲಿ ಅದು ತೆಳುವಾದ ರಟ್ಟು ಹೊದ್ದು ಹೊರಬಂತು. ಮಾವ ಓದಿ, ಹಾವು ಹೋದ ಹುತ್ತ ನಮ್ಮ ಬನದ್ದೇ ಎಂದು ಸಿಕ್ಕಿದವರಿಗೆಲ್ಲ ಹೇಳಿದರು. ತರಗತಿಯ ಹುಡುಗಿಯರು ಪ್ರಾಯಶ್ಚಿತ್ತದ ಮಾತೆತ್ತಲಿಲ್ಲ. ಪ್ರತಿ ಕಳುಹಿಸಿದ್ದಕ್ಕೆ ಮಿಸ್ ಆಲ್ಡನ್ ಉತ್ತರ ಬರೆದರು: ಹಾವಿನ ವಿಷಯದಲ್ಲಿ ತಮ್ಮ ಅಭಿಪ್ರಾಯ ಬದಲಾಗಿಲ್ಲ, ಆದರೆ ಒಲೆಯ ಅಧ್ಯಾಯವನ್ನು ತಮ್ಮ ಅಮ್ಮ ಇದ್ದಿದ್ದರೆ ಅವರಿಗೆ ಓದಿ ಹೇಳುತ್ತಿದ್ದರಂತೆ.

ಒಂದು ಪ್ರತಿಯನ್ನು ಫ್ಲೋರಿನ್ ಬಾಯಿಯ ಮನೆಗೆ ನಾನೇ ಕೊಂಡುಹೋದೆ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವಾಗುತ್ತದೆ. ಜಗಲಿಯಲ್ಲಿ ಕುಳಿತು ಆ ಅಧ್ಯಾಯವನ್ನು ಓದಿ ಹೇಳಿದೆ. ಗೋದಾಮಿನಿಂದ ಮೆಣಸಿನ ಘಾಟು ಬರುತ್ತಿತ್ತು. ಮಗನಿಂದ ಕಾಗದ ಬಂದಿತ್ತು, ಅವನು ಆಫ್ರಿಕಾದ ಹಡಗು ಹತ್ತುವವನಿದ್ದ.

ಓದಿ ಮುಗಿಸಿದಾಗ ಅವರು ಚೆನ್ನಾಗಿದೆ ಎನ್ನಲಿಲ್ಲ.

"ಇನ್ನೊಮ್ಮೆ ಓದಿ, ಟೀಚರೇ" ಎಂದರು.

ಓದಿದೆ.